ಸಮುದ್ರ ಮಾಡುವವನು

ಬೋರ್ಡಿನಲ್ಲಿ ‘ಸೀ ವ್ಯೂ ಹೋಟೆಲ್’.
ಸಮುದ್ರ ಇನ್ನೂರು ಮೈಲಿ ಆಚೆ, ಮದರಾಸಿನಲ್ಲಿ.
ಎದುರಿಗಿದ್ದದ್ದು ಬಣ್ಣಗಾರನ ಕೆರೆ,
ಎಮ್ಮೆ, ಅಗಸರ ಕಲ್ಲು, ಜೊಂಡು.

ತಾತ ಪಿಳ್ಳಪ್ಪನಿಗೆ ಹೆಸರು ವಿಚಿತ್ರವೆನಿಸಲೇ ಇಲ್ಲ:
ಹಿತ್ತಲ ಬಾವಿ ಸೀನೀರಿನದು,
ಅದಕ್ಕೇ ‘ಸೀ’ ಅಂತ ಇಟ್ಟಿದ್ದಾರೆ ಅಂದುಕೊಂಡಿದ್ದ.

ಆ ಸೀನೀರು ಕೆಡಿಸುವುದೇ ಅವನ ಕೆಲಸ.
ಬೆಳಗಿನ ನಾಲ್ಕಕ್ಕೆ ಹಂಡೆಗೆ ಉರಿ,
ಗೂಡ್ಸ್ ಗಾಡಿಯಲ್ಲಿ ಬಂದ ಉಪ್ಪಿನ ಮೂಟೆ ಬಿಚ್ಚಿ
ತೊಟ್ಟಿಗೆ ಮೂರು ಸೇರು,
ಕೀಲುನೋವಿನ ಕರ್ನಲ್ ದೊರೆಗೆ ನಾಲ್ಕು,
ಪಿಲ್ಚರಮ್ಮ ಮೊಣಕೈ ಅದ್ದಿ ನೋಡಿ
‘ಬ್ರೈಟನ್’ ಅನ್ನುವವರೆಗೂ ಕದಡುವುದು.
ಬ್ರೈಟನ್ ಅಂದರೆ ‘ಉಪ್ಪು ಸರಿಯಿದೆ’ ಅಂತ.
ಸಾಯುವವರೆಗೂ ತಾತ
ಸಾರು ಹದವಾಗಿದ್ದ ದಿನ ಅದನ್ನೇ ಅನ್ನುತ್ತಿದ್ದ.

ಬಾಲ್ ರೂಮು, ಬ್ಯಾಂಡು,
ಮೆಟ್ಟಿಲ ಗಾರೆಗೆ ಒತ್ತಿದ ಕಪ್ಪೆಚಿಪ್ಪು;
ಅಲೆ ಎದ್ದದ್ದು ಮಾತ್ರ
ಅಂಗೈಯ ಬಿರುಕುಗಳಲ್ಲಿ.

ಯುದ್ಧದ ಎರಡನೇ ವರ್ಷ ಹೋಟೆಲು ಆಸ್ಪತ್ರೆ.
ಹಡಗು ಮುಳುಗಿ ಐದು ದಿನ ತೇಲಿದ್ದ ಹುಡುಗನೊಬ್ಬ
ತೊಟ್ಟಿಯ ನೀರು ತುಟಿಗೆ ತಗುಲಿದ್ದೇ ಕಿರುಚಿಕೊಂಡ.
ತಾತ ಅಷ್ಟೂ ಚೆಲ್ಲಿದ,
ಬಾವಿಯಿಂದ ಹೊಸದಾಗಿ ಸೇದಿ ತುಂಬಿದ.
ಇಪ್ಪತ್ತು ವರ್ಷದಲ್ಲಿ ಅದೊಂದೇ ದಿನ
ನೀರು ನೀರಾಗಿತ್ತು ಅನ್ನುತ್ತಿದ್ದ.
ಹುಡುಗ ಬೊಗಸೆಯಲ್ಲಿ ಮೊಗೆದು ಕುಡಿದನಂತೆ, ಸೋಪಿನ ಸಮೇತ.

ಆಮೇಲೆ ದೊರೆಗಳು ಹೋದರು. ಪಿಲ್ಚರಮ್ಮ ಹೋಗಲಿಲ್ಲ,
ತನ್ನದೇ ಹೋಟೆಲಿನ ಏಳನೇ ನಂಬರಿನಲ್ಲಿ
ಬಾಡಿಗೆ ಬಾಕಿ ಇಟ್ಟು ತೀರಿಕೊಂಡಳು.
ಕೆರೆಗೆ ಲಾರಿ ಲಾರಿ ಮಣ್ಣು ಬಿದ್ದು ಬಸ್ ಡಿಪೋ ಎದ್ದಿತು.
ಹೋಟೆಲು ಮದುವೆ ಛತ್ರವಾಯಿತು, ಗೋಡೌನಾಯಿತು,
ಕೊನೆಗೆ ಬರೀ ಒಂದು ಕೇಸು.
ಕಂಡಕ್ಟರ್ ಈಗಲೂ ಕೂಗುತ್ತಾನೆ:
‘ಸೀವೂ, ಸೀವೂ, ಯಾರ್ರೀ ಸೀವೂ?’

ಹೋದ ತಿಂಗಳು ಅಲ್ಲಿನ ಗಾಜಿನ ಕಟ್ಟಡದಿಂದ ಫೋನು.
ನಾನು ಲಾನ್ ಹಾಸುವವನು,
ಹೊಸಕೋಟೆಯ ಹತ್ತಿರ ಹುಲ್ಲು ಬೆಳೆಸಿ
ಚಾಪೆಯ ಹಾಗೆ ಸುತ್ತಿ ತರುತ್ತೇನೆ.
‘ಎಲ್ಲಾ ಕಡೆ ಹಸಿರು, ಹಿಂದಿನ ಮೂಲೇಲಿ ಮಾತ್ರ
ಮೂರು ಸಲ ಹಾಕಿಸಿದ್ರೂ ಸುಟ್ಟುಹೋಗುತ್ತೆ.
ಏನು, ಗೊಬ್ಬರ ಜಾಸ್ತಿ ಆಯ್ತಾ?’

ಮೊಣಕಾಲೂರಿ ಚಿಟಿಕೆ ಮಣ್ಣು ನಾಲಿಗೆಗಿಟ್ಟೆ.

ಮಿಂದ ಸಮುದ್ರವನ್ನೆಲ್ಲ ದಿನಾ ಎಲ್ಲಿಗೆ ಚೆಲ್ಲುತ್ತಿದ್ದೆ
ಎಂದು ತಾತ ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.

ಮ್ಯಾನೇಜರ್ ವಾಚು ನೋಡಿಕೊಂಡ.
‘ಬ್ರೈಟನ್’ ಅಂದೆ.
‘ಯಾವ ಕಂಪನಿದು ಅದು?’ ಅಂದ.