ಕೆಚ್ಚು

‘ನ್ಯಾಯಕ್ಕಂತ ಬರೋ ಸಿಟ್ಟಿಗೆ ಏನಂತಾರ್ರೀ ಸರ್?
ಒಂದೇ ಪದ ಹೇಳ್ರಿ’ ಅಂದಳು ಒಂಬತ್ತನೇ ಕ್ಲಾಸಿನ ನಸೀಮಾ.
ಹಲಗೆಯ ಮೇಲೆ ಬರೆದೆ: ಕೋಪ, ರೋಷ, ಆಕ್ರೋಶ.
ಎಲ್ಲ ಗಡಿ ದಾಟಿ ಬಂದು ಇಲ್ಲೇ ಮನೆ ಕಟ್ಟಿದವು.
ಕನಲು ಅಂದೆ; ಮುಪ್ಪಾಗಿ ಯಾರ ಬಾಯಲ್ಲೂ ಇಲ್ಲ.
ಮುನಿಸು ಅಂದೆ; ಅದು ಗಂಡ ಹೆಂಡಿರ ನಡುವಿನದು,
ಊಟದ ಹೊತ್ತಿಗೆ ಆರುತ್ತದೆ.
ಕಿಚ್ಚು? ಅದಕ್ಕೆ ಯಾರ ಮನೆ ಎಂಬುದು ತಿಳಿಯುವುದಿಲ್ಲ.
ಗಂಟೆ ಹೊಡೆಯಿತು. ಸಾಲ ಉಳಿಯಿತು.

ಸಂಜೆ ಭಾಗ್ಯನಗರದ ಓಣಿಯಲ್ಲಿ
ಚೌಡವ್ವ ಚಿಗವ್ವ ಕುಣಿಮಗ್ಗದ ಮುಂದೆ ಕೂತು
ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆ
ಒಂದೊಂದೇ ಹೊಸೆದು ಕೂಡಿಸುತ್ತಿದ್ದಳು,
ಬೂದಿ ಹಚ್ಚಿದ ಬೆರಳಲ್ಲಿ.
‘ಏನ್ ಮಾಡಾಕತ್ತಿ?’ ಗೊತ್ತಿದ್ದೂ ಕೇಳಿದೆ.
‘ಕಾಣಂಗಿಲ್ಲೇನು? ಕೆಚ್ಚಾಕತ್ತೀನಿ.’

ಕೆಚ್ಚು.
ಕಿನ್ನಾಳದ ಗೊಂಬೆಯವರು ಬೇಡ ಅನ್ನುವುದು ಇದನ್ನೇ,
ಅವರಿಗೆ ಬೇಕಾದದ್ದು ಹೂವಿನಂಥ ಹಗುರ ಮರ.
ಜಾಲಿಯ ದಿಮ್ಮಿ ಸೀಳಿದರೆ ಒಳಗೆ ಕರಿಗೆಂಪು:
ಬಿಳಿಯನ್ನೆಲ್ಲ ತಿಂದ ಹುಳ ಹಲ್ಲು ಮುರಿದುಕೊಂಡು
ವಾಪಸು ಹೋದ ಜಾಗ.
ಮರದ್ದೂ ನೂಲಿನದೂ ಒಂದೇ ಬೇರೋ, ಎರಡೋ,
ನಿಘಂಟು ಎರಡು ಸಾಲು ಬರೆದು ಸುಮ್ಮನಾಗುತ್ತದೆ.

ನನಗೆ ನೆನಪಾದದ್ದು ಬೇರೆ.
ಸಾಹುಕಾರನ ಕಬ್ಬಿಣದ ಗಜ ಎರಡು ಬೆರಳು ಉದ್ದ.
ಓಣಿಗೆಲ್ಲ ಗೊತ್ತು. ಚಿಗವ್ವನಿಗೂ ಗೊತ್ತು.
ಇಪ್ಪತ್ತು ವರ್ಷ ಆ ಎರಡು ಬೆರಳನ್ನೂ ನೇಯ್ದು ಕೊಟ್ಟಳು.
ಬಾಣಂತಿ ತುಳಜವ್ವನ ಸೀರೆ ‘ಗಿಡ್ಡ’ ಎಂದು
ಕೂಲಿ ಮುರಿದ ದಿನ ಮಾತ್ರ
ಅರಿವೆ ಅಂಗಡಿಯಿಂದ ಒಂದು ಗಜ ಕಡ ತಂದು
ಅವನ ಗಜದ ಪಕ್ಕ, ಕಟ್ಟೆಯ ಮೇಲೆ, ಇಟ್ಟಳು.
ಅಷ್ಟೇ. ಬೈಯಲಿಲ್ಲ.
ದನಿ ಏರುವ ಬದಲು ಇಳಿಯಿತು, ಬಾವಿಗೆ ಕೊಡ ಇಳಿದಂತೆ:
‘ನಂದು ಹಾಳಾಗ್ಲಿ. ಆಕೀದು ಎಣಿಸ್ರಿ.’
ಎಣಿಸಿದ. ಆಮೇಲೆ ಆರು ತಿಂಗಳು
ಚಿಗವ್ವನಿಗೆ ನೂಲು ಕೊಡಲಿಲ್ಲ.

ಮರುದಿನ ಹಲಗೆಯ ಮೇಲೆ ಒಂದೇ ಪದ ಬರೆದೆ.
ಗಜದ ಕಥೆಯನ್ನೂ ಹೇಳಿದೆ,
ಆರು ತಿಂಗಳನ್ನು ಬಿಟ್ಟು.
ನಸೀಮಾಳ ಅಮ್ಮ ಕೂದಲಿನ ಗೋದಾಮಿನಲ್ಲಿ
ಗಂಟು ಬಿಡಿಸುತ್ತಾಳೆ, ಕಿಲೋ ಲೆಕ್ಕ; ತಕ್ಕಡಿ ಮಾಲೀಕನದು.
ಬರೆದುಕೊಂಡು, ಪೆನ್ನು ಕಚ್ಚಿ, ಕೇಳಿದಳು:
‘ಸರ್, ಇದಕ್ಕ ಬಹುವಚನ ಐತೇನ್ರಿ?’