ಬಾಬ್ತು: ಇತರೆ

ಭದ್ರಾವತಿಯ ಕಾಗದನಗರದ ಬೇಲಿಗೆ ತಾಗಿದ ನಮ್ಮ ದೇವಾಲಯದ
ಲೆಕ್ಕ ಈಗ ನನ್ನ ಕೈಲಿದೆ. ಮಿಲ್ಲಿನಲ್ಲಿ
ಮೂವತ್ತೊಂದು ವರ್ಷ ಬಿದಿರು ತೂಗಿದವನು ನಾನು,
ತೂಕ ಬಿಟ್ಟು ಬೇರೇನೂ ನಂಬದವನು
ಎಂದು ನನ್ನವಳ ದೂರು.

ಹಳೆಯ ಪುಸ್ತಕಗಳ ರಟ್ಟನ್ನು ಜಿರಳೆ ತಿಂದಿವೆ.
ಒಳಗೆ ಫಾದರ್ ಬೊನಿಫಾಸರ ಇರುವೆಸಾಲಿನ ಅಕ್ಷರ.
ರೋಮಿನಲ್ಲಿ ಏನು ತೀರ್ಮಾನವಾಯಿತು, ಯಾಕಾಯಿತು,
ಒಂದು ಮಾತೂ ಇಲ್ಲ. ಇರುವುದು ಇಷ್ಟು:

ಪೀಠ ತಿರುಗಿಸಿದ್ದು. ಆಳು ಆರು, ಹಾರೆ ಬಾಡಿಗೆ, ಬೆಲ್ಲದ ಕಾಫಿ.
ಹದಿನಾಲ್ಕು ರೂಪಾಯಿ ಐವತ್ತು ಪೈಸೆ. ಬಾಬ್ತು: ಇತರೆ.

ಎರಡೇ ಸಾಲಿನಲ್ಲಿ
ನಾನೂರು ವರ್ಷದ ಬೆನ್ನು ಮುಖವಾಯಿತು.
ಅಲ್ಲಿಯವರೆಗೆ ನಾವು ಕಂಡದ್ದು ಜರಿಯ ಶಿಲುಬೆ,
ಬೋಳು ಹಿಂದಲೆ. ಆ ಭಾನುವಾರ ಗೊತ್ತಾಯಿತು
ಗುರುಗಳಿಗೂ ಸೀನು ಬರುತ್ತದೆ,
ರೊಟ್ಟಿ ಎತ್ತುವಾಗ ಕೈ ನಡುಗುತ್ತದೆ.
ನಾನಾಗ ಚಡ್ಡಿಯ ಹುಡುಗ. ಆ ನಡುಕ
ನೋಡಬಾರದಿತ್ತು ಅನಿಸಿ ಕಣ್ಣು ಮುಚ್ಚಿದ್ದೆ.

ಸವರಿಮುತ್ತು ಎದ್ದು ಹೊರಗೆ ಹೋದ.
ಕಬ್ಬಿಣದ ಕಾರ್ಖಾನೆಯಲ್ಲಿ ಸುತ್ತಿಗೆಯ ಆಳು.
"ಸ್ವಾಮಿ ಈ ಕಡೆ ತಿರುಗಿದರೆ ದೇವರ ಕಡೆ ನೋಡುವವರು ಯಾರು?
ಒಬ್ಬನಾದರೂ ಬೇಡವಾ?" ಅಂದು
ಪೂರ್ವದ ಗೋಡೆಯಾಚೆ, ಗೋಡೆಗೆ ಬೆನ್ನು ಕೊಟ್ಟು,
ಹನ್ನೊಂದು ವರ್ಷ ನಿಂತ, ಭಾನುವಾರ ತಪ್ಪಿಸದೆ.
ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಆಮೇಲೆ ಸುತ್ತಿಗೆ ಅವನ ಕಿವಿ ತಿಂದಿತು. ಒಂದು ದಿನ
ಬಂದು ಮೊದಲ ಬೆಂಚಿನಲ್ಲಿ ಕೂತ. ಯಾರೂ ಕರೆದಿರಲಿಲ್ಲ,
ಯಾವ ಪ್ರಸಂಗವೂ ಒಲಿಸಿರಲಿಲ್ಲ.
ಗುರುಗಳ ತುಟಿ ಕಂಡರೆ ಮಾತು ಕೇಳುತ್ತಿತ್ತು, ಅಷ್ಟೇ.
ಬೆನ್ನಿಗೆ ತುಟಿಯಿಲ್ಲ.

ಕಟಕಟೆ ಕಿತ್ತದ್ದು ಮುಂದಿನ ಪುಸ್ತಕದಲ್ಲಿ:
ಸಾಗುವಾನಿ, ಹದಿನೆಂಟು ಅಡಿ, ಬಡಗಿ ಇನ್ಯಾಸಪ್ಪನಿಗೆ, ಕೂಲಿಗೆ ಬದಲು.
ಅವನು ಅದರಲ್ಲಿ ಕೋಳಿಗೂಡು ಮಾಡಿ, ನಿದ್ದೆಗೆಟ್ಟು,
ಪಾಪನಿವೇದನೆಗೆ ಓಡಿದನಂತೆ. ಅವನೇ ಹೇಳಿಕೊಂಡದ್ದು.
ಪ್ರಾಯಶ್ಚಿತ್ತ: ನಮೋ ಮರಿಯ ಮೂರು, ಮೊಟ್ಟೆ ಆರು.
ಕಟಕಟೆ ಹೋಗಿ ಎಷ್ಟೋ ವರ್ಷವಾದರೂ
ದುಲ್ಸಿನ್ ಬಾಯಿ ಪ್ರಸಾದಕ್ಕೆ ಹೋದರೆ
ಕಾವಿ ನೆಲದ ಆ ಮಸುಕು ಗೆರೆ ದಾಟುತ್ತಿರಲಿಲ್ಲ.
ಇಲ್ಲದ ಮರಕ್ಕೆ ಮೊಣಕೈ ಊರುತ್ತಿದ್ದಳು.

ಪೂಜೆ ಕನ್ನಡವೋ ಕೊಂಕಣಿಯೋ ತಮಿಳೋ
ಎಂದು ಸೇರಿದ ಸಭೆಯ ಖರ್ಚೂ ಇದೆ:
ಕುರ್ಚಿ ರಿಪೇರಿ, ಮೂರು.

ಈಗ ಸವರಿಮುತ್ತುವಿನ ಮರಿಮಗಳು ಸಹಾಯಮೇರಿ, ಏಳನೇ ಕ್ಲಾಸು,
ಪೀಠದ ಬಳಿ ಗಂಟೆ ಬಾರಿಸುತ್ತೇನೆ ಅನ್ನುತ್ತಾಳೆ.
ಶಿವಮೊಗ್ಗದಿಂದ ಕಾಗದ ಬಂತು: ಅಡ್ಡಿಯಿಲ್ಲ,
ಆಯಾ ಗುರುಗಳ ವಿವೇಚನೆ. ಗುರುಗಳು ವಿವೇಚನೆಯನ್ನು
ಸಮಿತಿಗೆ ಕೊಟ್ಟರು, ಸಮಿತಿ ಮುಂದಿನ ತಿಂಗಳಿಗೆ.
"ಇವತ್ತು ಗಂಟೆ, ನಾಳೆ?" ಅಂದ ಹಿಲಾರಿ.
ಒಪ್ಪುವವರು ಕೈ ಎತ್ತಿ ಎಂದಾಗ
ನಾನು ಕನ್ನಡಕ ಒರೆಸುತ್ತಿದ್ದೆ.
ಅದನ್ನೂ ಎಲ್ಲಾದರೂ ಬರೆದಿಡಬೇಕು.

ಮೊನ್ನೆ ಗುರುವಾರ, ಬೆಳಗಿನ ಪೂಜೆ. ಗಂಟೆಯ ಹುಡುಗನಿಗೆ ಮಂಗನಬಾವು.
ರೊಟ್ಟಿ ಮೇಲೆದ್ದಿತು. ಗಂಟೆಯಿಲ್ಲ.
ಹನ್ನೆರಡು ಜನರ ಆ ಮೌನದಲ್ಲಿ
ಕಾರ್ಖಾನೆಯ ಸೈರನ್ನಾದರೂ ಕೂಗಬಾರದೇ ಅನಿಸಿತು.
ಬರಿಗಾಲು ಗೆರೆ ದಾಟಿದ ಸದ್ದು,
ಆಮೇಲೆ ಗಂಟೆ. ಒಂದು ಉಸಿರು ತಡ.
ಗುರುಗಳ ಕೈ ಅಲ್ಲೇ ಮೇಲೆ ಕಾದಿತ್ತು.
ನಡುಗುತ್ತಿತ್ತು. ಈ ಸಲ ಕಣ್ಣು ಮುಚ್ಚಲಿಲ್ಲ.

ನಿರ್ಣಯದ ಪುಸ್ತಕದಲ್ಲಿ ಇನ್ನೂ ಏನಿಲ್ಲ.
ನನ್ನ ಮೇಜಿನ ಮೇಲೆ ದರ್ಜಿಯ ಚೀಟಿ:
ಬಿಳಿ ನಿಲುವಂಗಿ ಒಂದು, ಉದ್ದ ನಲವತ್ತೆರಡು ಇಂಚು,
ಜಡೆ ಸಿಕ್ಕದಂತೆ ಕೊರಳು ಅಗಲ.
ಹೊಲಿಯಲು ಹೇಳಿದವರ ಹೆಸರಿಲ್ಲ. ಸಮಿತಿಯ ಸಹಿಯಿಲ್ಲದೆ
ಪಾವತಿ ಕೂಡದು, ನಿಯಮ ನಾನೇ ಬರೆದದ್ದು.
ಇನ್ನೂರ ಇಪ್ಪತ್ತು ರೂಪಾಯಿ.
ಬಾಬ್ತು ಎಂಬ ಅಂಕಣದಲ್ಲಿ ಪೆನ್ನು ನಿಂತಿದೆ.
ಎದುರಿಗೆ ಫಾದರ್ ಬೊನಿಫಾಸರ ಇರುವೆಗಳು,
ಒಂದರ ಹಿಂದೆ ಒಂದು.