ಕಂಬಕ್ಕ ಇಷ್ಟು

ಕಿಲೋಮೀಟರ್ ಲೆಕ್ಕ ನನಗ ಒಗ್ಗೂದಿಲ್ಲ.
ಇಪ್ಪತ್ತೆರಡು ವರ್ಷ ಲೈನ್‌ಮನ್ ಆದಾಂವಗ
ಹಾದಿ ಅಂದ್ರ ಕಂಬ.
ಕಂಬದಿಂದ ಕಂಬಕ್ಕ ಐವತ್ತು ಮೀಟರ್,
ಹಳ್ಳ ಅಡ್ಡ ಬಂದ್ರ ನಾಕು ಹೆಚ್ಚು, ಓಣ್ಯಾಗ ಹತ್ತು ಕಡಿಮಿ.
ಅದಕ್ಕ ನೋಟ್‌ಬುಕ್ಕಿನ ಮ್ಯಾಲ ಹಿಂಗ ಬರದೆ:
ಮೂವತ್ತು ದಿನದಾಗ ಆರು ಸಾವಿರ ಕಂಬ ಓಡತೀನಿ,
ಹುಬ್ಬಳ್ಳಿಗೆ ಹೋಗೋ ಕ್ಯಾನ್ಸರ್ ಮಂದಿ ಗಂಜಿಗೆ, ವಸ್ತಿಗೆ,
ಕಂಬಕ್ಕ ನಿಮಗ ತಿಳದಷ್ಟು ಕೊಡ್ರಿ.

ನವನಗರದ ಶಾಂಭವಿ ಟೀಚರ್ ಒಂದು ರೂಪಾಯಿ.
ಟೇಲರ್ ಗುಳಪ್ಪ ಹತ್ತು ಪೈಸೆ.
ಆ ನಾಣ್ಯ ಈಗ ಎಲ್ಲೈತೋ ಅಂದ್ರ
"ಲೆಕ್ಕದಾಗ ಐತೆಲ್ಲ" ಅಂದ, ಕತ್ತರಿಯಿಂದ ಕಣ್ಣ ಎತ್ತಲಾರದ.
ಹೋದ ವರ್ಷ ಬಿಲ್ ಬಾಕಿಗೆ ನಾನ ಫ್ಯೂಜ್ ಕಿತ್ತ ಮನಿಯಾಕಿ
ಬಾಗಲಾ ಅರ್ಧ ತಗದು ಮೊದಲ ಮೀಟರ್ ನೋಡಿದ್ಲು,
ಆಮ್ಯಾಲ ನನ್ನ ಹೊಸಾ ಬೂಟು ನೋಡಿದ್ಲು.
"ಐದು ಪೈಸೆ ಬರಕೋ. ಬಿದ್ದಗಿದ್ದೀಯಪ್ಪಾ."
ಗುಟಕಾದ ಸರಾ ಜೋತುಬಿದ್ದ ಅಂಗಡಿ ಮುಂದ ನಾ ನಿಂದ್ರಲಿಲ್ಲ.
ಅಂವನ ಕರದ. ಎರಡು ರೂಪಾಯಿ.
ಹೆಸರು ಬರೀಬ್ಯಾಡ ಅಂದ. ಬರದಿಲ್ಲ.

ರಾಜೇಸಾಬ ನನ್ನ ಜೋಡಿ ಕಂಬಾ ಹತ್ತಿದಾಂವ.
ಹತ್ತೊಂಬತ್ತು ವರ್ಷ ಒಮ್ಮಿನೂ ಕರೆಂಟಿಗೆ ಸಿಗದಾಂವಗ
ಹುಬ್ಬಳ್ಳಿ ದವಾಖಾನ್ಯಾಗ ಮೂವತ್ತು ಸಲ
ಮಲಗಿಸಿ ಕಟ್ಟಿ ಕರೆಂಟ್ ಕೊಟ್ಟರು.
ಅರ್ಧ ದವಡಿ ಹೋತು, ನಾಲಿಗಿ ಹೋತು.
ತಿರುಗಿ ಬಂದ ದಿನ ಪಾಟಿ ಮ್ಯಾಲ ಬರದದ್ದು
ತನ್ನ ಸುದ್ದಿ ಅಲ್ಲ:
"ಅಮೀನಗಡದ ಕಂಬಾರ ಒಬ್ಬಾಂವ ಹನ್ನೆರಡಕ್ಕ ಬಿಟ್ಟು ಹೋದ.
ಉಳಕೊಳ್ಳಾಕ ರೊಕ್ಕ ಇಲ್ಲ."
ಹನ್ನೆರಡರ ಕೆಳಗ ಎರಡು ಗೆರಿ ಎಳದಿದ್ದ,
ಬಳಪ ಮುರಿಯೂವಂಗ.

ನಸಕಿನ್ಯಾಗ ನಾ ಓಡತೀನಿ, ಹಿಂದ ಅಂವನ ಲೂನಾ.
ಒಂದು ಹಾರ್ನ್: ಸಾವಕಾಶ.
ಎರಡು: ನೀರು ಕುಡಿ.
ಮೂರು ಹೊಡದ್ರ ಬೈಗಳ, ಅದನ್ನ ಬಿಡಿಸಿ ಹೇಳಾಕ ಆಗೂದಿಲ್ಲ,
ಆದ್ರ ಅವನ ಹಳೇ ಬೈಗಳಕ್ಕ ಎಷ್ಟು ಅಕ್ಷರ ಇದ್ವೋ
ಅಷ್ಟ ಉದ್ದ ಇರತೈತಿ.
ಹತ್ತೊಂಬತ್ತನೇ ದಿನ ಮೊಣಕಾಲು ಕೈ ಕೊಟ್ಟು
ನೂರಾ ನಲವತ್ತಕ್ಕ ನಿಂತೆ.
ಮರುದಿನ ಇನ್ನೂರಾ ಅರವತ್ತು. ಸಾಲ ಇಟ್ಟುಕೊಳ್ಳಲಿಲ್ಲ.

ಹಳೇ ಬಾಗಲಕೋಟಿ ಕಡೆ ರಸ್ತೆ
ಹಿನ್ನೀರಿನೊಳಗ ಇಳದು ಹೋಗೂ ಜಾಗದಾಗ
ನೀರಾಗ ಟೊಂಕಮಟ ನಿಂತ ನಾಕು ಕಂಬ ಅದಾವು.
ಊರು ಮುಳುಗೂ ಹೊತ್ತಿಗೆ
ಅವುಗಳ ತಾರು ಬಿಚ್ಚಿದ್ದು ನಾವಿಬ್ಬರ.
ಈಗ ಒಂದೊಂದರ ಮ್ಯಾಲ ಒಂದೊಂದು ನೀರುಕಾಗಿ
ರೆಕ್ಕಿ ಬಿಚ್ಚಿ ಬಿಸಲಿಗೆ ಹಿಡದು ಕುಂತಿರತೈತಿ.
"ಇವನ್ನೂ ಹಿಡೀಲೇನೋ ಲೆಕ್ಕಕ್ಕ?" ಅಂತ ಕೂಗಿದೆ.
ಹಾರ್ನ್ ಮೂರು.

ಕಡೀ ದಿನ, ಗದ್ದನಕೇರಿ ಕ್ರಾಸ್.
ಆರು ಸಾವಿರದ ಕಂಬಕ್ಕ ಬೆನ್ನು ಕೊಟ್ಟು ಕುಸದೆ.
ಲೂನಾಕ್ಕ ಸ್ಟ್ಯಾಂಡ್ ಹಾಕಿ ಬಂದಾಂವ
ಮೊದಲ ಕಂಬಾ ಮುಟ್ಟಿದ, ಕೈಯ ಹಿಂಬದಿಯಿಂದ.
ಅದು ನಮ್ಮ ರೂಢಿ. ಅಂಗೈ ಇಟ್ರ
ಕರೆಂಟು ಮುಷ್ಟಿ ಬಿಗಿಸಿ ಬಿಡೂದಿಲ್ಲ.
ಚಾದ ಕಪ್ಪನ್ನೂ ಹಂಗ ಮುಟ್ಟತಾನ,
ಕನ್ನಡಿ ಮುಂದ ತನ್ನ ಗಲ್ಲಾನೂ.
ಆಮ್ಯಾಲ ನನ್ನ ಎದಿ ಮ್ಯಾಲ ಹಂಗ ಕೈ ಇಟ್ಟು
ಬಾಳ ಹೊತ್ತು ತಗೀಲಿಲ್ಲ.

ಕಬ್ಬಿನ ಲಾರಿ ಮೂರು ದಾಟಿದ್ವು.
ಪಾಟಿ ತಗದ. ಉಗುಳು ಒರಸಿಕೊಂಡ. ಬರದ:
"ಇಲ್ಲಿಂದ ಅಮೀನಗಡಕ್ಕ ಎಷ್ಟು ಕಂಬ?"

ನಾ ಲೆಕ್ಕ ಹೇಳಲಿಲ್ಲ.
ಎದ್ದು, ಲೂನಾದ ಹಿಂದಿನ ಕ್ಯಾರಿಯರಿನ ಧೂಳು
ಅಂಗಿ ತುದಿಯಿಂದ ಒರಸಿದೆ.